ಸರ್ಟಿಫಿಕೇಟ್ ಸರಿ ಇತ್ತು, ಬೆಲ್ಲ ಸರಿ ಇರಲಿಲ್ಲ

ಹೊಸನಗರದ ಕಡೆಯ ಆಲೆಮನೆಯ ಯಜಮಾನರೊಬ್ಬರು ಶಿವಮೊಗ್ಗದ ನನ್ನ ವರ್ಕ್‌ಶಾಪಿಗೆ ಬಂದಾಗ ಅವರ ಚೀಲದಲ್ಲಿ ಎರಡು ಸಾಮಾನುಗಳಿದ್ದವು. ಒಂದು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಡಿಜಿಟಲ್ ಥರ್ಮಾಮೀಟರ್. ಇನ್ನೊಂದು, ಜೋನಿ ಬೆಲ್ಲದ, ಅಂದರೆ ಹರಿಯುವ ದ್ರವ ಬೆಲ್ಲದ ಡಬ್ಬ. ಮಾತನಾಡದೆ ಡಬ್ಬದ ಮುಚ್ಚಳ ತೆಗೆದು ನನ್ನ ಮೇಜಿನ ಮೇಲೆ ಬೋರಲು ಹಿಡಿದರು. ಒಂದು ಹನಿಯೂ ಬೀಳಲಿಲ್ಲ.

"ಮಾರಾಯರೇ, ಇದು ಜೋನಿಯೋ ಅಚ್ಚಿನ ಬೆಲ್ಲವೋ ನೀವೇ ಹೇಳಿ. ನಿಮ್ಮ ಮೀಟರ್ 105 ತೋರಿಸಿದ ಕೂಡಲೇ ಕೊಪ್ಪರಿಗೆ ಇಳಿಸಿದ್ದೇವೆ."

"ನಿಮ್ಮ ಮೀಟರ್" ಎಂದದ್ದು ಸುಮ್ಮನೆ ಅಲ್ಲ. ಆ ಥರ್ಮಾಮೀಟರನ್ನು ಎರಡು ತಿಂಗಳ ಹಿಂದೆ ಪರೀಕ್ಷಿಸಿ, ಅಳತೆ ಸರಿ ಇದೆ ಎಂಬ ಕ್ಯಾಲಿಬ್ರೇಷನ್ ಸರ್ಟಿಫಿಕೇಟಿಗೆ ಸಹಿ ಹಾಕಿದವನು ನಾನೇ. ಅವರ ಎದುರೇ ಮತ್ತೆ ಬಿಸಿ ಎಣ್ಣೆಯ ತೊಟ್ಟಿಯಲ್ಲಿ, ಅಂದರೆ ನಮ್ಮ ಬಾತ್‌ನಲ್ಲಿ ಇಳಿಬಿಟ್ಟೆ. 100, 105, 110 ಡಿಗ್ರಿ ಮೂರರಲ್ಲೂ ತಪ್ಪು 0.2 ಡಿಗ್ರಿ ದಾಟಲಿಲ್ಲ. ನನಗೆ ಸಮಾಧಾನವಾಯಿತು, ಅವರಿಗೆ ಆಗಲಿಲ್ಲ. ಆಗದೇ ಇದ್ದದ್ದೇ ಸರಿ.

ಜೋನಿ ಬೆಲ್ಲವನ್ನು ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಬೇಕು. ಅಚ್ಚಿಗೆ ಹೊಯ್ಯುವ ಬೆಲ್ಲವಾದರೆ ಪಾಕ 116ರಿಂದ 118ರವರೆಗೆ ಹೋಗಬೇಕು. ಜೋನಿಯ ಪಾಕ ಎರಡು ಡಿಗ್ರಿ ಮುಂದೆ ಹೋದರೆ ಡಬ್ಬದಲ್ಲಿ ಹರಳು ಕಟ್ಟಿ ಕೂರುತ್ತದೆ. ಎಲ್ಲೋ ಎರಡು ಡಿಗ್ರಿ ಕಳೆದುಹೋಗಿದೆ, ಆದರೆ ಮೀಟರಿನ ಲೆಕ್ಕದಲ್ಲಿ ಅದು ಕಾಣುತ್ತಿಲ್ಲ.

ನಾವು ಕ್ಯಾಲಿಬ್ರೇಷನ್ ಮಾಡುವ ಬಗೆಯಲ್ಲೇ ಉತ್ತರವಿದೆ. ಬಾತ್‌ನ ಉಷ್ಣತೆಯನ್ನು ಒಂದು ಅಂಕಿಯಲ್ಲಿ ಕಟ್ಟಿಹಾಕುತ್ತೇವೆ. ಥರ್ಮಾಮೀಟರ್ ಇಳಿಬಿಟ್ಟು ಹತ್ತು ನಿಮಿಷ ಬಿಡುತ್ತೇವೆ. ಚಹಾ ಕುಡಿದು ಬಂದು ಓದಿಕೊಳ್ಳುತ್ತೇವೆ. ಅಂದರೆ ಥರ್ಮಾಮೀಟರಿಗಾಗಿ ನಾವು ಕಾಯುತ್ತೇವೆ. ಆಲೆಮನೆಯಲ್ಲಿ ಪಾಕ ಯಾರಿಗೂ ಕಾಯುವುದಿಲ್ಲ. ಉಪಕರಣ ಕೊನೆಗೆ ಸರಿಯಾದ ಅಂಕಿಗೆ ಬಂದು ನಿಲ್ಲುತ್ತದೆ ಎಂದು ಸರ್ಟಿಫಿಕೇಟ್ ಹೇಳುತ್ತದೆ. ಎಷ್ಟು ಹೊತ್ತಿಗೆ ಬರುತ್ತದೆ ಎಂಬುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಗಿರಾಕಿಗಳೂ ಕೇಳುವುದಿಲ್ಲ, ನಾವೂ ಬರೆಯುವುದಿಲ್ಲ.

ಥರ್ಮಾಮೀಟರ್ ಎಂದೂ ಪಾಕದ ಉಷ್ಣತೆಯನ್ನು ಹೇಳುವುದಿಲ್ಲ. ಅದು ಹೇಳುವುದು ತನ್ನ ಸ್ವಂತ ಉಷ್ಣತೆಯನ್ನು ಮಾತ್ರ. ತನ್ನ ಮೈ ಪಾಕದಷ್ಟು ಬಿಸಿಯಾದ ಮೇಲೆ ಅದರ ಮಾತು ಪಾಕದ ಮಾತಾಗುತ್ತದೆ, ಅಲ್ಲಿಯವರೆಗೆ ಇಲ್ಲ. ಬಿಸಿಯಾಗುವ ಈ ಪಯಣಕ್ಕೆ ಒಂದು ನಿಯಮವಿದೆ. 1701ರಲ್ಲಿ ನ್ಯೂಟನ್ ಹೆಸರು ಹಾಕದೆ ಪ್ರಕಟಿಸಿದ ಒಂದು ಸಣ್ಣ ಲೇಖನದಲ್ಲಿ ಅದರ ಬೇರಿದೆ: ಎರಡರ ನಡುವಿನ ಅಂತರ ಹೆಚ್ಚಿದ್ದಷ್ಟು ಶಾಖ ವೇಗವಾಗಿ ದಾಟುತ್ತದೆ, ಅಂತರ ಕರಗಿದಂತೆ ವೇಗವೂ ಕರಗುತ್ತದೆ. ಹಾಗಾಗಿ ಥರ್ಮಾಮೀಟರ್ ಮೊದಮೊದಲು ಓಡುತ್ತದೆ, ಕೊನೆಗೆ ತೆವಳುತ್ತದೆ. ಆ ಲೇಖನದಲ್ಲಿ ನನಗೆ ಇಷ್ಟವಾದ ವಿವರ ಬೇರೆಯೇ. ಕಾದ ಕಬ್ಬಿಣವನ್ನು ನ್ಯೂಟನ್ ತಣಿಯಲು ಇಟ್ಟದ್ದು ನಿಂತ ಗಾಳಿಯಲ್ಲಲ್ಲ, ಒಂದೇ ಸಮನೆ ಬೀಸುವ ಗಾಳಿಯಲ್ಲಿ. ನಿಂತ ಗಾಳಿಯ ಲೆಕ್ಕ ಕೈಗೆ ಸಿಗುವುದಿಲ್ಲ ಎಂದು ಆತನಿಗೆ ಗೊತ್ತಿತ್ತು.

ಓಡಿ ತೆವಳುವ ಈ ನಡೆಯನ್ನು ಒಂದೇ ಅಂಕಿಯಲ್ಲಿ ಹೇಳಲು ನಾವು ಬಳಸುವುದು ಕಾಲಸ್ಥಿರಾಂಕ, ವರ್ಕ್‌ಶಾಪಿನ ಬಾಯಿಮಾತಿನಲ್ಲಿ ಟೈಮ್ ಕಾನ್‌ಸ್ಟಂಟ್. ಥಟ್ಟನೆ ಉಷ್ಣತೆ ಬದಲಾದಾಗ ಥರ್ಮಾಮೀಟರ್ ಆ ಬದಲಾವಣೆಯ 63.2 ಶೇಕಡಾ ಮುಟ್ಟಲು ತೆಗೆದುಕೊಳ್ಳುವ ಸಮಯ ಅದು. ಅದರ ಎರಡರಷ್ಟು ಸಮಯದಲ್ಲಿ 86.5 ಶೇಕಡಾ, ಮೂರರಷ್ಟರಲ್ಲಿ 95, ಐದರಷ್ಟರಲ್ಲಿ 99.3. ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 63.2 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದು ಕೇಳುವವರಿಗೆ: 2.718 ಎಂಬ ಗಣಿತದ ಸಂಖ್ಯೆಯಿಂದ ಒಂದನ್ನು ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆಯಿರಿ.

ಮಾರನೆಯ ವಾರ ಆಲೆಮನೆಗೆ ಹೋದೆ. ಕೊಪ್ಪರಿಗೆಯ ಅಂಚಿನಲ್ಲಿ ನೋಡಿದ್ದೇ ತಡ, ಅರ್ಧ ಉತ್ತರ ಸಿಕ್ಕಿತು. ಸೆನ್ಸರ್ ಕಡ್ಡಿ ಬಾಗದಿರಲಿ, ಪಾಕ ಕಲಕುವ ಹುಟ್ಟಿನ ಪೆಟ್ಟು ಬೀಳದಿರಲಿ ಎಂದು ಅದನ್ನು ತಳ ಮುಚ್ಚಿದ ಸ್ಟೀಲ್ ಪೈಪಿನೊಳಗೆ ಇಳಿಸಿ ಕಟ್ಟಿದ್ದರು. ವೆಲ್ಡಿಂಗ್ ಅಚ್ಚುಕಟ್ಟಾಗಿತ್ತು. ಪೈಪಿನ ಒಳಗೋಡೆಗೂ ಕಡ್ಡಿಗೂ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಜಾಗ, ಅದರ ತುಂಬ ಗಾಳಿ. ಶಾಖ ಸಾಗಿಸುವುದರಲ್ಲಿ ಗಾಳಿ ನೀರಿನ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ. ಕಂಬಳಿ ಹೊದ್ದವನಿಗೆ ಹೊರಗಿನ ಚಳಿ ತಡವಾಗಿ ಗೊತ್ತಾಗುವಂತೆ ಆ ಕಡ್ಡಿಗೂ ಪಾಕದ ಸುದ್ದಿ ತಡವಾಗಿ ಮುಟ್ಟುತ್ತಿತ್ತು.

ಎಷ್ಟು ತಡ ಎಂದು ಅಳೆಯಲು ಪ್ರಯೋಗಾಲಯ ಬೇಡ. ಸ್ನಾನದ ಹಂಡೆಯಲ್ಲಿ ನೀರು ಕುದಿಸಿದೆವು. ನಮ್ಮ ಎತ್ತರದಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. 100ಕ್ಕೇ ಕುದಿಯಬೇಕು ಎಂದು ಹಠ ಹಿಡಿದು ಒಳ್ಳೆಯ ಥರ್ಮಾಮೀಟರನ್ನು ಎಸೆದವರನ್ನು ನೋಡಿದ್ದೇನೆ. ಪೈಪನ್ನು ಒಲೆಯಿಂದ ದೂರ, ಅಂಗಳದ ನೆರಳಿನಲ್ಲಿ ಕಾಲು ಗಂಟೆ ಇಟ್ಟೆ. ಪರದೆ 26ರಲ್ಲಿ ನಿಂತಿತು. ಯಜಮಾನರ ಮೊಮ್ಮಗ ಮೊಬೈಲಿನಲ್ಲಿ ಪರದೆಯ ವಿಡಿಯೊ ಹಿಡಿದ. ಪೈಪನ್ನು ಹಬೆಗೆ ಹಿಡಿಯದೆ ಒಂದೇ ಸಲಕ್ಕೆ ಕುದಿಯುವ ನೀರಿಗೆ ಇಳಿಸಿದೆ. ಅನುಮಾನದಿಂದ ನಿಧಾನವಾಗಿ ಇಳಿಸಿದರೆ ಹಬೆಯೇ ಅರ್ಧ ಬಿಸಿ ಮಾಡಿರುತ್ತದೆ, ಲೆಕ್ಕ ಕೆಡುತ್ತದೆ. ನೀರಿನ ಪ್ರಮಾಣವೂ ಧಾರಾಳವಾಗಿರಬೇಕು. ಒಂದು ಲೋಟ ನೀರಿಗೆ ದಪ್ಪ ಪೈಪು ಹಾಕಿದರೆ ನೀರೇ ತಣಿಯುತ್ತದೆ.

26ರಿಂದ 98ಕ್ಕೆ ಅಂತರ 72. ಅದರ 63.2 ಶೇಕಡಾ ಎಂದರೆ 45.5. ಅದಕ್ಕೆ 26 ಕೂಡಿಸಿದರೆ 71.5. ವಿಡಿಯೊವನ್ನು ಹಿಂದೆ ಮುಂದೆ ಎಳೆದು ನೋಡಿದೆವು. ಪರದೆ 71.5 ದಾಟಿದ್ದು ಪೈಪು ನೀರು ಮುಟ್ಟಿದ 50ನೇ ಸೆಕೆಂಡಿಗೆ. ಬಳಿಕ ಪೈಪು ತೆಗೆದು ಬರಿಯ ಕಡ್ಡಿಯನ್ನು ಹಾಗೆಯೇ ಇಳಿಸಿದೆ. ಆರೇ ಸೆಕೆಂಡು.

ಇಲ್ಲಿ ಇನ್ನೊಂದು ಚಿಕ್ಕ ಪರೀಕ್ಷೆ ಇದೆ. ಅರ್ಧ ದಾರಿಗೆ ಎಷ್ಟು ಹೊತ್ತು, 90 ಶೇಕಡಾಕ್ಕೆ ಎಷ್ಟು ಹೊತ್ತು ಎಂದೂ ಗುರುತು ಹಾಕಿ. ನ್ಯೂಟನ್‌ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ಥರ್ಮಾಮೀಟರಿನಲ್ಲಿ ಎರಡನೆಯದು ಮೊದಲನೆಯದರ 3.3ರಷ್ಟಿರುತ್ತದೆ. ನಮ್ಮ ಪೈಪಿನಲ್ಲಿ 40 ಸೆಕೆಂಡು ಮತ್ತು 106 ಸೆಕೆಂಡು, ಅಂದರೆ 2.7ಕ್ಕೂ ಕಡಿಮೆ. ಶಾಖ ಮೊದಲು ಪೈಪು, ಆಮೇಲೆ ಗಾಳಿ, ಆಮೇಲೆ ಕಡ್ಡಿಯ ಹೊರಕವಚ ಹೀಗೆ ಸಾಲಾಗಿ ದಾಟಬೇಕಾದಾಗ ಆರಂಭದ ಕೆಲವು ಸೆಕೆಂಡು ಪರದೆ ಅಲುಗಾಡುವುದೇ ಇಲ್ಲ. ಆ ಮಂಕುತನವೇ ಅನುಪಾತವನ್ನು ಇಳಿಸುತ್ತದೆ. ಅನುಪಾತ 3.3ಕ್ಕಿಂತ ಬಹಳ ಮೇಲಿದ್ದರೆ ಕಡ್ಡಿಯನ್ನು ಸಾಕಷ್ಟು ಆಳಕ್ಕೆ ಇಳಿಸಿಲ್ಲವೇನೋ, ಹೊರಗಿರುವ ಭಾಗ ಶಾಖವನ್ನು ಸೋರಿಸುತ್ತಿದೆಯೇನೋ ಎಂದು ನಾನು ಮೊದಲು ಅನುಮಾನಿಸುತ್ತೇನೆ.

ಇನ್ನು ಕಳೆದುಹೋದ ಎರಡು ಡಿಗ್ರಿಯ ಲೆಕ್ಕ. ಪಾಕ ಮುಗಿಯುತ್ತ ಬಂದಾಗ ನೀರಿನಂಶ ಕಡಿಮೆಯಾಗಿ ಕುದಿಬಿಂದು ಬೇಗಬೇಗ ಏರುತ್ತದೆ. ಅವರ ಒಲೆಯಲ್ಲಿ ಕೊನೆಯ ಹಂತದಲ್ಲಿ ಪರದೆ ಅರ್ಧ ನಿಮಿಷಕ್ಕೆ ಒಂದು ಡಿಗ್ರಿ ಏರುತ್ತಿತ್ತು. ಒಂದೇ ಸಮನೆ ಏರುವ ಉಷ್ಣತೆಯನ್ನು ಥರ್ಮಾಮೀಟರ್ ಹಿಂಬಾಲಿಸುವಾಗ ಅದು ಹಿಂದೆ ಬೀಳುವ ಪ್ರಮಾಣವನ್ನು ಬಾಯಲ್ಲೇ ಲೆಕ್ಕ ಹಾಕಬಹುದು. ಏರುವ ವೇಗವನ್ನು ಕಾಲಸ್ಥಿರಾಂಕದಿಂದ ಗುಣಿಸಿದರೆ ಸಾಕು. ನಿಮಿಷಕ್ಕೆ 2 ಡಿಗ್ರಿ, 50 ಸೆಕೆಂಡು: 1.7 ಡಿಗ್ರಿ. ಪರದೆ 105 ಎನ್ನುವಾಗ ಪಾಕ 106.7ರಲ್ಲಿದೆ. ಇಳಿಸಿದ ಮೇಲೂ ಕೊಪ್ಪರಿಗೆಯ ದಪ್ಪ ತಳ ಸುಮ್ಮನಿರುವುದಿಲ್ಲ, ಇನ್ನಷ್ಟು ಬೇಯಿಸುತ್ತದೆ.

ಮೋಸ ಇರುವುದು ಎಲ್ಲಿ ಎಂದರೆ, ಹೀಗೆ ಹಿಂದೆ ಬಿದ್ದ ಥರ್ಮಾಮೀಟರ್ ಕೂಡ ಪಾಕದ ವೇಗದಲ್ಲೇ ಏರುತ್ತಿರುತ್ತದೆ. ಹೊಸನಗರದಿಂದ ಶಿವಮೊಗ್ಗಕ್ಕೆ ಎರಡು ಬಸ್ಸುಗಳು ಒಂದೇ ವೇಗದಲ್ಲಿ ಬರುತ್ತಿದ್ದರೆ ಹಿಂದಿನ ಬಸ್ಸಿನಲ್ಲಿ ಕುಳಿತವರಿಗೆ ತಾವು ತಡವಾಗಿದ್ದೇವೆ ಎನ್ನಿಸುವುದೇ ಇಲ್ಲ.

ಪಾಕ ನೋಡುವ ಹಿರಿಯರು ಇಷ್ಟು ಹೊತ್ತೂ ಒಲೆಯ ಬದಿಯಲ್ಲಿ ಕುಳಿತು ನಮ್ಮ ಆಟ ನೋಡುತ್ತಿದ್ದರು. ಮೀಟರ್ ಬರುವ ಮೊದಲು ಅವರು ಹುಟ್ಟಿನಿಂದ ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳ ನಡುವೆ ಎಳೆ ತೆಗೆದು ನೋಡುತ್ತಿದ್ದರಂತೆ. ಆ ಹನಿಯ ಗಾತ್ರ ನೋಡಿ. ತಣ್ಣೀರಿಗೆ ಬಿದ್ದ ಕ್ಷಣದಲ್ಲಿ ಅದು ತಣಿಯುತ್ತದೆ, ಎಳೆ ತಡಮಾಡದೆ ಉತ್ತರ ಹೇಳುತ್ತದೆ. ಐವತ್ತು ಸೆಕೆಂಡಿನ ಉಪಕರಣವೊಂದನ್ನು ತಂದು ಅದಕ್ಕಿಂತ ಚುರುಕಾದ ಉಪಕರಣವನ್ನು ನಾವು ಮೂಲೆಗೆ ಕೂರಿಸಿದ್ದೆವು.

ಪೈಪು ತೆಗೆದುಹಾಕಿ ಎಂದು ಹೇಳುವುದು ಸುಲಭ. ಆದರೆ ಹುಟ್ಟಿನ ಹೊಡೆತಕ್ಕೆ ಬರಿಗಡ್ಡಿ ಒಂದು ವಾರವೂ ಬಾಳುವುದಿಲ್ಲ. ಕಾರ್ಖಾನೆಗಳಲ್ಲಿ ಇಂಥ ಪೈಪಿನೊಳಗೆ ಶಾಖ ಹರಿಸುವ ಪೇಸ್ಟ್ ತುಂಬುತ್ತಾರೆ. ತಿನ್ನುವ ಪದಾರ್ಥದ ಮೇಲೆ ಅದು ಬೇಡವೆನಿಸಿತು. ಕೊಬ್ಬರಿ ಎಣ್ಣೆ ಹೊಯ್ದೆವು. ಸೋರಿದರೂ ಯಾರೂ ಸಾಯುವುದಿಲ್ಲ. ಕಡ್ಡಿಯ ತುದಿ ಪೈಪಿನ ತಳಕ್ಕೆ ಮುಟ್ಟುವಂತೆ ಒತ್ತಿ ಕಟ್ಟಿದೆವು. ಮತ್ತೆ ಹಂಡೆ, ಮತ್ತೆ ಮೊಬೈಲು: 15 ಸೆಕೆಂಡು. ಈಗ ಹಿಂದೆ ಬೀಳುವುದು ಅರ್ಧ ಡಿಗ್ರಿ. 104.5 ಕಂಡಾಗ ಇಳಿಸಿ, ಅದಕ್ಕೂ ಮೊದಲೇ ಒಲೆಯ ಕಟ್ಟಿಗೆ ಎಳೆಯಿರಿ ಎಂದು ಹೇಳಿ ಬಂದೆ.

ಈ ಅಂಕಿಗಳನ್ನು ಒಯ್ದು ಬೇರೆ ಕಡೆ ಬಳಸಬೇಡಿ. ಕಾಲಸ್ಥಿರಾಂಕ ಥರ್ಮಾಮೀಟರಿನ ಸೊತ್ತಲ್ಲ, ಥರ್ಮಾಮೀಟರ್ ಮತ್ತು ಅದು ಮುಳುಗಿರುವ ಪದಾರ್ಥದ ಜಂಟಿ ಖಾತೆ. ನೀರಿನಲ್ಲಿ ಆರು ಸೆಕೆಂಡಿನ ಅದೇ ಕಡ್ಡಿ ಫ್ಯಾನಿನ ಗಾಳಿಯಲ್ಲಿ ಸುಮಾರು ಒಂದು ನಿಮಿಷ ತೆಗೆದುಕೊಳ್ಳುತ್ತದೆ, ನಿಂತ ಗಾಳಿಯಲ್ಲಿ ಇನ್ನೂ ಹೆಚ್ಚು. ಅದಕ್ಕೇ ಪ್ಲಾಟಿನಂ ಸೆನ್ಸರ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60751 ಪರೀಕ್ಷೆಯ ನೀರು, ಗಾಳಿ ಎಷ್ಟು ವೇಗದಲ್ಲಿ ಹರಿಯಬೇಕೆಂದೂ ಗೊತ್ತುಮಾಡಿದೆ. ಅಂಗಡಿಯ ಕ್ಯಾಟಲಾಗ್‌ನಲ್ಲಿ "ಸ್ಪಂದನೆ 5 ಸೆಕೆಂಡು" ಎಂದಷ್ಟೇ ಬರೆದಿದ್ದರೆ ಯಾವುದರಲ್ಲಿ, ಎಷ್ಟು ಶೇಕಡಾಕ್ಕೆ ಎಂದು ಕೇಳಿ. ಎರಡಕ್ಕೂ ಉತ್ತರ ಬರದಿದ್ದರೆ ಆ ಐದು ಬರಿಯ ಅಲಂಕಾರ.

ಹವಾಮಾನದವರು ಈ ವಿಷಯದಲ್ಲಿ ನಮಗಿಂತ ಶಿಸ್ತಿನವರು. ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿಗೆ 20 ಸೆಕೆಂಡಿನ ಕಾಲಸ್ಥಿರಾಂಕ ಇರಲಿ ಎನ್ನುತ್ತದೆ ವಿಶ್ವ ಹವಾಮಾನ ಸಂಸ್ಥೆಯ ಮಾರ್ಗದರ್ಶಿ. ತೀರಾ ಚುರುಕಾದರೆ ಒಂದೊಂದು ಸುಳಿಗಾಳಿಗೂ ಬೆಚ್ಚಿಬೀಳುತ್ತದೆ, ತೀರಾ ಮಂದವಾದರೆ ದಿನದ ಗರಿಷ್ಠವನ್ನೇ ತಪ್ಪಿಸಿಕೊಳ್ಳುತ್ತದೆ. ಆದರೆ ಆಗುಂಬೆಯ ಮಳೆಗಾಲದಲ್ಲಿ ಗಾಳಿಗೆ ಬಿಟ್ಟ ಥರ್ಮಾಮೀಟರಿನ ಮೈಮೇಲೆ ನೀರು ಕೂತರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಮಳೆ ಹೊಳವಾದಾಗ ಆ ನೀರು ಆರುವವರೆಗೆ ಅದು ತೋರಿಸುವುದು ಗಾಳಿಯ ಉಷ್ಣತೆಗಿಂತ ಕಡಿಮೆ.

ಜ್ವರದ ಥರ್ಮಾಮೀಟರಿನ ಚರಿತ್ರೆಯೂ ಈ ತಡವನ್ನು ಕಡಿಮೆ ಮಾಡಿದ ಚರಿತ್ರೆಯೇ. 1860ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ ಆರಿಂಚಿನದನ್ನು ಮಾಡಿಸಿ ಐದು ನಿಮಿಷಕ್ಕೆ ತಂದ. ಅದಕ್ಕೂ ಹಿಂದಿನದು ಒಂದು ಅಡಿ ಉದ್ದದ್ದು, ಇಪ್ಪತ್ತು ನಿಮಿಷ ಹಿಡಿಯಬೇಕಿತ್ತು. ಈಗ ಕೆಲವು ಡಿಜಿಟಲ್ ಥರ್ಮಾಮೀಟರ್‌ಗಳು ಹತ್ತೇ ಸೆಕೆಂಡಿನಲ್ಲಿ ಬೀಪ್ ಎನ್ನುವುದು ಅಷ್ಟರಲ್ಲಿ ಬಿಸಿಯಾದದ್ದಕ್ಕಲ್ಲ. ಏರಿಕೆಯ ರೇಖೆಯ ಆರಂಭ ನೋಡಿ ಕೊನೆ ಎಲ್ಲಿರುತ್ತದೆಂದು ಅಂದಾಜು ಮಾಡುತ್ತವೆ. ಮಗು ನಡುವೆ ಬಾಯಿ ತೆರೆದರೆ ಅಂದಾಜು ಕೆಡುತ್ತದೆ.

ಇಷ್ಟು ಓದಿದವರು ಚುರುಕಾದದ್ದೇ ಒಳ್ಳೆಯದು ಎಂದುಕೊಂಡಿರಬಹುದು. ಲಸಿಕೆಯ ಫ್ರಿಜ್ ನೋಡಿ. ಒಳಗೆ 2ರಿಂದ 8 ಡಿಗ್ರಿ ಇರಬೇಕು. ಮಲೆನಾಡಿನ ಆಸ್ಪತ್ರೆಯೊಂದರಲ್ಲಿ ಎಚ್ಚರಿಕೆಯ ಗಂಟೆ ದಿನಕ್ಕೆ ಹತ್ತು ಸಲ ಬಡಿದುಕೊಳ್ಳುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿ ನುಗ್ಗಿ ಬರಿಗಡ್ಡಿಯ ಚುರುಕು ಸೆನ್ಸರ್ 9, 10 ಎನ್ನುತ್ತಿತ್ತು. ಬೇಸತ್ತ ಸಿಬ್ಬಂದಿ ಗಂಟೆಯ ವೈರನ್ನೇ ಕಿತ್ತಿದ್ದರು. ಅರ್ಧ ನಿಮಿಷ ಬಾಗಿಲು ತೆರೆದರೆ ಗಾಳಿ ಬಿಸಿಯಾಗುತ್ತದೆಯೇ ಹೊರತು ಸೀಸೆಯೊಳಗಿನ ಲಸಿಕೆ ಹೆಚ್ಚೇನೂ ಬಿಸಿಯಾಗುವುದಿಲ್ಲ. ನಮಗೆ ಬೇಕಾದದ್ದು ಲಸಿಕೆಯ ಉಷ್ಣತೆ. ಹಾಗಾಗಿ ಸೆನ್ಸರನ್ನು ಗ್ಲೈಕಾಲ್ ಎಂಬ ದ್ರವ ತುಂಬಿದ ಪುಟ್ಟ ಬಾಟಲಿಯಲ್ಲಿ ಮುಳುಗಿಸಿಟ್ಟೆ. ಲಸಿಕೆಯ ಸೀಸೆಯಷ್ಟೇ ನಿಧಾನವಾಗಿ ಅದೂ ಬಿಸಿಯಾಗಬೇಕು, ಅಷ್ಟೇ ಲೆಕ್ಕ. ವೈರನ್ನು ಮತ್ತೆ ಜೋಡಿಸಿದೆವು. ಮುಂದಿನ ವಾರ ಗಂಟೆ ಒಂದೇ ಸಲ ಬಡಿಯಿತು. ಆ ರಾತ್ರಿ ಗಾಳಿಮಳೆಗೆ ಮರ ಬಿದ್ದು ಬೆಳಗಿನವರೆಗೂ ಕರೆಂಟ್ ಇರಲಿಲ್ಲ.

ಆಲೆಮನೆಯ ಯಜಮಾನರು ಶಿವರಾತ್ರಿಗೆ ಮುಂಚೆ ಇನ್ನೊಂದು ಡಬ್ಬ ಕಳುಹಿಸಿದರು. ಬೋರಲು ಹಿಡಿದೆ. ಮೇಜಿನ ಮೇಲಿದ್ದ ಸರ್ಟಿಫಿಕೇಟುಗಳ ಮೇಲೆ ಜೋನಿ ಹರಿಯಿತು, ಮೂರನ್ನು ಮತ್ತೆ ಟೈಪ್ ಮಾಡಿಸಬೇಕಾಯಿತು. ಮಾಡಿಸುವಾಗ ಮೂರರಲ್ಲೂ ಕೊನೆಗೆ ಒಂದು ಸಾಲು ಸೇರಿಸಿದೆ: ಕಲಕುತ್ತಿರುವ ನೀರಿನಲ್ಲಿ ಕಾಲಸ್ಥಿರಾಂಕ, ಇಷ್ಟು ಸೆಕೆಂಡು.