ಟು-ಫೇಸ್‌ನ ಹುಟ್ಟುಕಥೆ: ಆ ನಾಣ್ಯ ಯಾರದು?

ಬ್ಯಾಟ್‌ಮ್ಯಾನ್ ಕಥಾಮಾಲೆಯ ಖಳರಲ್ಲಿ ಟು-ಫೇಸ್, ಅಂದರೆ ಹಾರ್ವೆ ಡೆಂಟ್, ಒಂದೇ ದೇಹದಲ್ಲಿ ಎರಡು ವ್ಯಕ್ತಿತ್ವಗಳನ್ನು ಹೊತ್ತವನೆಂದು ಪ್ರಸಿದ್ಧ. ಜನಪ್ರಿಯ ಸಾಹಿತ್ಯವನ್ನು ಅಭ್ಯಾಸ ಮಾಡುವ ನಾವು ಅವನ ಬಗ್ಗೆ ಬರೆಯುವಾಗ, ಬಹುವ್ಯಕ್ತಿತ್ವದ ಕಾಯಿಲೆಯಿದ್ದ ವಕೀಲನೊಬ್ಬ ಮುಖಕ್ಕೆ ಆ್ಯಸಿಡ್ ಬಿದ್ದು ಅಪರಾಧಿಯಾದ ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ. ಆದರೆ ಆ ವಾಕ್ಯದ ಎರಡು ಭಾಗಗಳು ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ಆ್ಯಸಿಡ್ 1942ರದು, ಕಾಯಿಲೆ ಅದಕ್ಕೆ ಸೇರಿಕೊಂಡದ್ದು ಸುಮಾರು ಅರ್ಧ ಶತಮಾನದ ಬಳಿಕ. ಈ ಟಿಪ್ಪಣಿಯಲ್ಲಿ ಆ ನಡುವಿನ ಹಾದಿಯನ್ನು ಗುರುತಿಸಲು ನಾನು ಹಿಡಿದಿರುವ ಎಳೆ ಅವನ ಕೈಯಲ್ಲಿರುವ ನಾಣ್ಯ. ಆ ನಾಣ್ಯ ಮೊದಲು ಯಾರದಾಗಿತ್ತು ಎಂಬುದಕ್ಕೆ ಕಥೆಗಾರರು ಕೊಟ್ಟ ಉತ್ತರ ಬದಲಾದಂತೆಲ್ಲ, ಈ ಮನುಷ್ಯ ಕೆಟ್ಟದ್ದೇಕೆ ಎಂಬುದರ ಉತ್ತರವೂ ಬದಲಾಗಿದೆ.

1942ರ ಮೂಲಕಥೆ

‘ಡಿಟೆಕ್ಟಿವ್ ಕಾಮಿಕ್ಸ್’ ಪತ್ರಿಕೆಯ 66ನೇ ಸಂಚಿಕೆ 1942ರ ಆಗಸ್ಟ್ ತಿಂಗಳ ಹೆಸರಿನಲ್ಲಿ ಹೊರಬಂತು. ಕಥೆ ಬಿಲ್ ಫಿಂಗರ್ ಅವರದು, ಚಿತ್ರ ಬಾಬ್ ಕೇನ್ ಅವರದು. ಅಲ್ಲಿ ಟು-ಫೇಸ್‌ನ ಹೆಸರು ಡೆಂಟ್ ಅಲ್ಲ, ಹಾರ್ವೆ ಕೆಂಟ್. ಸೂಪರ್‌ಮ್ಯಾನ್‌ನ ನಿತ್ಯಜೀವನದ ಹೆಸರಾದ ಕ್ಲಾರ್ಕ್ ಕೆಂಟ್‌ನೊಂದಿಗೆ ಗೊಂದಲವಾಗಬಾರದೆಂದು ಮುಂದೆ ಅದನ್ನು ಡೆಂಟ್ ಎಂದು ಬದಲಿಸಲಾಯಿತು. ಕೆಂಟ್ ಗೋಥಮ್ ನಗರದ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವ ಮುಖ್ಯ ವಕೀಲ. ರೂಪವಂತನಾದ್ದರಿಂದ ಅವನಿಗೆ ಗ್ರೀಕ್ ದೇವತೆ ಅಪೊಲೊನ ಹೆಸರೇ ಅಡ್ಡಹೆಸರಾಗಿ ಅಂಟಿಕೊಂಡಿದೆ.

ನ್ಯಾಯಾಲಯದ ದೃಶ್ಯವನ್ನು ನಿಧಾನವಾಗಿ ಓದಬೇಕು. ಮೊರೋನಿ ಎಂಬ ಪಾತಕಿಗಳ ಮುಖಂಡನ ಮೇಲೆ ಕೊಲೆಯ ಆರೋಪವಿದೆ. ಬ್ಯಾಟ್‌ಮ್ಯಾನ್ ಸ್ವತಃ ಸಾಕ್ಷಿ ಹೇಳುತ್ತಾನೆ. ಕೊಲೆ ನಡೆದ ಸ್ಥಳದಲ್ಲಿ ಸಿಕ್ಕಿದ ಬೆಳ್ಳಿಯ ಡಾಲರ್ ನಾಣ್ಯವೊಂದನ್ನು ಕೆಂಟ್ ಎತ್ತಿ ತೋರಿಸುತ್ತಾನೆ. ಎರಡೂ ಬದಿಯಲ್ಲಿ ಒಂದೇ ತಲೆಯ ಅಚ್ಚಿರುವ ಆ ನಾಣ್ಯ ಮೊರೋನಿ ಅದೃಷ್ಟಕ್ಕೆಂದು ಇಟ್ಟುಕೊಂಡಿದ್ದದ್ದು. ಸಿಕ್ಕಿಬಿದ್ದೆನೆಂದು ತಿಳಿದ ಮೊರೋನಿ ಆ್ಯಸಿಡ್ ಎರಚುತ್ತಾನೆ. ಕೆಂಟ್‌ನ ಮುಖದ ಒಂದು ಪಾರ್ಶ್ವ ಸುಟ್ಟುಹೋಗುತ್ತದೆ. ಅವನ ಮದುವೆ ನಿಶ್ಚಯವಾಗಿರುವ ಗಿಲ್ಡಾ ಶಿಲ್ಪಿ. ಬದಲಾದ ಆ ಮುಖವನ್ನು ಕಂಡು ಆಕೆ ಬೆಚ್ಚುತ್ತಾಳೆ. ಆಕೆ ಕೆಂಟ್‌ನ ಮುಖವನ್ನು ಮಾದರಿಯಾಗಿಟ್ಟು ಕೆತ್ತಿದ್ದ ಪ್ರತಿಮೆಯ ಅರ್ಧವನ್ನು ಅವನು ವಿರೂಪಗೊಳಿಸುತ್ತಾನೆ, ಬಳಿಕ ಮೊರೋನಿಯ ನಾಣ್ಯದ ಒಂದು ಬದಿಯನ್ನು ಗೀರಿ ಹಾಳುಮಾಡಿ, ಇನ್ನು ಮುಂದಿನ ತನ್ನ ಬದುಕನ್ನು ಅದು ನಿರ್ಧರಿಸಲಿ ಎಂದು ಚಿಮ್ಮಿಸುತ್ತಾನೆ. ಗೀರುಬಿದ್ದ ಬದಿ ಮೇಲಾದರೆ ಅಪರಾಧ, ನುಣುಪಾದ ಬದಿ ಮೇಲಾದರೆ ಸತ್ಕಾರ್ಯ.

ಗೀರು ಬೀಳುವ ಮುನ್ನ ಆ ನಾಣ್ಯಕ್ಕೆ ಎರಡು ಬದಿಗಳೇ ಇರಲಿಲ್ಲ. ಹೇಗೆ ಚಿಮ್ಮಿಸಿದರೂ ಒಂದೇ ಫಲ ಕೊಡುವ, ಮೋಸಕ್ಕೆಂದೇ ಆದ ನಾಣ್ಯ ಅದು. ಅದಕ್ಕೆ ಎರಡನೆಯ ಬದಿಯನ್ನು ಕೊಟ್ಟವನು ಕೆಂಟ್. ಕೊಟ್ಟದ್ದು ತನ್ನ ಮುಖ ಎರಡಾದ ಮೇಲೆ. ಈ ಕಥೆಯಲ್ಲಿ ಎಲ್ಲಿಯೂ ಎರಡನೆಯ ವ್ಯಕ್ತಿಯೊಬ್ಬ ಅವನೊಳಗಿನಿಂದ ಎದ್ದುಬಂದು ಮಾತನಾಡುವುದಿಲ್ಲ, ನೆನಪು ತಪ್ಪುವುದಿಲ್ಲ, ನಿನ್ನೆ ಏನು ಮಾಡಿದೆನೆಂದು ಅವನು ಗಾಬರಿಗೊಳ್ಳುವುದೂ ಇಲ್ಲ. ಇರುವವನು ಒಬ್ಬನೇ. ಒಳಿತು ಕೆಡುಕುಗಳ ನಡುವೆ ಆರಿಸಿಕೊಳ್ಳುವ ಹೊಣೆಯನ್ನು ಲೋಹದ ಬಿಲ್ಲೆಯೊಂದಕ್ಕೆ ಒಪ್ಪಿಸಿ ಕೈತೊಳೆದುಕೊಂಡವನು ಅವನು. ಆದ್ದರಿಂದ 1942ರ ಟು-ಫೇಸ್‌ನನ್ನು ಮನೋರೋಗಿ ಎನ್ನುವುದಕ್ಕಿಂತ, ತೀರ್ಮಾನದ ಭಾರ ತಾಳಲಾರದೆ ಅದನ್ನು ಕೆಳಗಿಳಿಸಿದ ಮನುಷ್ಯ ಎನ್ನುವುದೇ ಸರಿಯೆಂದು ನನ್ನ ಅಭಿಪ್ರಾಯ. ಕಥೆಯ ಕೊನೆಯೂ ಇದನ್ನೇ ಹೇಳುತ್ತದೆ: ಶರಣಾಗು ಎಂದು ಬ್ಯಾಟ್‌ಮ್ಯಾನ್ ಕೇಳಿದಾಗ ಅವನು ನಾಣ್ಯ ಚಿಮ್ಮಿಸುತ್ತಾನೆ, ಅದು ನೆಲದ ಸಂದಿನಲ್ಲಿ ಅಂಚಿನ ಮೇಲೆ ನಿಂತುಬಿಡುತ್ತದೆ. ಓದುಗರು ಉತ್ತರಕ್ಕಾಗಿ ಅಕ್ಟೋಬರ್ ತಿಂಗಳ 68ನೇ ಸಂಚಿಕೆಯವರೆಗೆ ಕಾಯಬೇಕಾಯಿತು.

ಕಲ್ಪನೆಯ ಬೇರುಗಳು

ಈ ಪಾತ್ರಕ್ಕೆ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವರ 1886ರ ಜೆಕಿಲ್ ಮತ್ತು ಹೈಡ್ ಕಥೆಯಿಂದ, ವಿಶೇಷವಾಗಿ ಅದರ 1931ರ ಚಲನಚಿತ್ರ ರೂಪದಿಂದ ಕೇನ್ ಪ್ರೇರಣೆ ಪಡೆದರು. ಸಂಬಂಧ ಸ್ಪಷ್ಟವಾಗಿದೆ, ಆದರೂ ವ್ಯತ್ಯಾಸವೇ ನಮಗೆ ಹೆಚ್ಚು ಕಲಿಸುತ್ತದೆ. ಡಾಕ್ಟರ್ ಜೆಕಿಲ್ ತಾನೇ ಔಷಧಿ ತಯಾರಿಸಿ, ತಾನೇ ಕುಡಿದು, ತನ್ನ ಕೆಟ್ಟ ಅಂಶವನ್ನು ಹೈಡ್ ಎಂಬ ಬೇರೆ ಮನುಷ್ಯನಾಗಿ ಬೇರ್ಪಡಿಸಿಕೊಳ್ಳುತ್ತಾನೆ. ಅವನ ಪತನ ಅವನ ಆಯ್ಕೆ. ಹಾರ್ವೆಗೆ ಆದದ್ದು ತುಂಬಿದ ನ್ಯಾಯಾಲಯದಲ್ಲಿ, ಕರ್ತವ್ಯ ಮಾಡುತ್ತಿದ್ದಾಗ, ಇನ್ನೊಬ್ಬನ ಕೈಯಿಂದ. ಜೆಕಿಲ್ ಇರುವಾಗ ಹೈಡ್ ಇಲ್ಲ, ಹೈಡ್ ಬಂದಾಗ ಜೆಕಿಲ್ ಮರೆ. ಟು-ಫೇಸ್‌ನಲ್ಲಾದರೋ ಇಬ್ಬರೂ ಏಕಕಾಲಕ್ಕೆ ಕಾಣುತ್ತಾರೆ.

ಇದಕ್ಕೆ ಕಾಮಿಕ್ಸ್ ಎಂಬ ಮಾಧ್ಯಮವೂ ಕಾರಣ. ಚಲನಚಿತ್ರದಲ್ಲಿ ಮುಖ ಕ್ರಮೇಣ ಬದಲಾಗುವುದನ್ನು ತೋರಿಸಬಹುದು; ಅಚ್ಚಾದ ಚೌಕಟ್ಟಿನೊಳಗಿನ ಚಿತ್ರ ಕದಲುವುದಿಲ್ಲ. ಹಾಗಾಗಿ ಬದಲಾವಣೆಯನ್ನು ಮುಖದ ನಡುವೆ ಎಳೆದ ಒಂದು ಗೆರೆಯಾಗಿ ನಿಲ್ಲಿಸಬೇಕಾಯಿತು. ಮುಖವನ್ನು ಯಾವ ಪಾರ್ಶ್ವದಿಂದ ಬರೆಯುತ್ತೇನೆ ಎಂಬುದರಿಂದಲೇ, ಒಂದು ಮಾತಿನ ನೆರವೂ ಇಲ್ಲದೆ, ಈಗ ಯಾವ ಹಾರ್ವೆ ಎದುರಿಗಿದ್ದಾನೆ ಎಂದು ಚಿತ್ರಕಾರ ತಿಳಿಸಬಲ್ಲ. ಅರ್ಧ ಸಾದಾ, ಅರ್ಧ ಢಾಳಾದ ಬಟ್ಟೆಯ ಅವನ ಸೂಟಿಗೂ ಇದೇ ತರ್ಕ.

ಇನ್ನೊಂದು ಬೇರು ಅಗ್ಗದ ಕಾಗದದ ಪತ್ತೇದಾರಿ ಪತ್ರಿಕೆಗಳಲ್ಲಿದೆ. 1939ರಲ್ಲಿ ‘ಬ್ಲ್ಯಾಕ್ ಬುಕ್ ಡಿಟೆಕ್ಟಿವ್’ ಎಂಬ ಪತ್ರಿಕೆಯಲ್ಲಿ ಬಂದ ಬ್ಲ್ಯಾಕ್ ಬ್ಯಾಟ್ ಎಂಬ ಪಾತ್ರವೂ ಮೂಲತಃ ಡಿಸ್ಟ್ರಿಕ್ಟ್ ಅಟಾರ್ನಿಯೇ. ಅವನ ಮುಖಕ್ಕೂ ಆ್ಯಸಿಡ್ ಬೀಳುತ್ತದೆ. ಆದರೆ ಅವನು ಆ ದುರಂತದಿಂದ ಅಪರಾಧಿಗಳ ಬೇಟೆಗಾರನಾಗುತ್ತಾನೆ. ಅದೇ ಉದ್ಯೋಗ, ಅದೇ ಗಾಯ, ಒಬ್ಬ ನಾಯಕ, ಇನ್ನೊಬ್ಬ ಖಳ. ಗಾಯವೊಂದೇ ಮನುಷ್ಯನನ್ನು ಕೆಡಿಸುವುದಾದರೆ ಈ ವ್ಯತ್ಯಾಸ ಬಂದದ್ದೇಕೆ ಎಂಬ ಪ್ರಶ್ನೆಯನ್ನು ಮೂಲಕಥೆ ಎತ್ತಿಕೊಳ್ಳಲಿಲ್ಲ. ಅದನ್ನು ಎತ್ತಿಕೊಂಡವರು ಮುಂದಿನ ತಲೆಮಾರಿನ ಲೇಖಕರು.

ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಬ್ಯಾಟ್‌ಮ್ಯಾನ್ ಸೃಷ್ಟಿಯಲ್ಲಿ ಅವರ ಪಾಲನ್ನು ಪ್ರಕಾಶಕರು ಅಧಿಕೃತವಾಗಿ ಹೆಸರಿಸಲು ಆರಂಭಿಸಿದ್ದು 2015ರಲ್ಲಿ. ಅಲ್ಲಿಯವರೆಗೆ ಕೇನ್ ಒಬ್ಬರ ಹೆಸರೇ ಸೃಷ್ಟಿಕರ್ತರ ಜಾಗದಲ್ಲಿ ಅಚ್ಚಾಗುತ್ತಿತ್ತು. ನಮ್ಮ ಟಿಪ್ಪಣಿಗಳಲ್ಲಾದರೂ ಫಿಂಗರ್ ಅವರ ಹೆಸರು ಮೊದಲು ಬರಬೇಕು.

ವಾಸಿಯಾದ ಮುಖ, ಬಳಿಕ ಮರೆಯಾದ ಮುಖ

1943ರ ಅಕ್ಟೋಬರ್‌ನ 80ನೇ ಸಂಚಿಕೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ನಡೆದು ಕೆಂಟ್‌ನ ಮುಖ ಸರಿಯಾಗುತ್ತದೆ. ಮುಖ ಸರಿಯಾದೊಡನೆ ಮನುಷ್ಯನೂ ಸರಿಹೋಗುತ್ತಾನೆ. ಕೆಡುಕು ಚರ್ಮದಷ್ಟೇ ಆಳದ್ದು ಎಂಬ ನಂಬಿಕೆಗೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಆ ಬಳಿಕ ಕೆಲವರು ಬೇರೆ ಬೇರೆ ಕಥೆಗಳಲ್ಲಿ ಆ ವೇಷ ಧರಿಸಿದರು. 1954ರಲ್ಲಿ ‘ಬ್ಯಾಟ್‌ಮ್ಯಾನ್’ ಪತ್ರಿಕೆಯ 81ನೇ ಸಂಚಿಕೆಯಲ್ಲಿ ಸ್ಫೋಟವೊಂದರಿಂದ ಹಾರ್ವೆಯ ಹಳೆಯ ಗಾಯ ಮತ್ತೆ ತೆರೆದುಕೊಂಡಿತು. ಅದೇ ವರ್ಷ ಅಮೆರಿಕದ ಸೆನೆಟ್ ಉಪಸಮಿತಿಯೊಂದು ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಾರೆಯೇ ಎಂಬ ವಿಚಾರಣೆ ನಡೆಸಿತು, ಪ್ರಕಾಶಕರು ತಮ್ಮ ಮೇಲೆ ತಾವೇ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿ ಹೇರಿಕೊಂಡರು. ಬೀಭತ್ಸ ಚಿತ್ರಗಳಿಗೆ ಕಡಿವಾಣ ಬಿದ್ದ ಆ ವಾತಾವರಣದಲ್ಲಿ ಅರ್ಧ ಸುಟ್ಟ ಮುಖಕ್ಕೆ ಜಾಗವಿರಲಿಲ್ಲ. ಕೋಡ್ ಸಡಿಲಗೊಂಡ 1971ರಲ್ಲಿಯೇ ಡೆನ್ನಿಸ್ ಓನೀಲ್ ಮತ್ತು ನೀಲ್ ಆಡಮ್ಸ್ ಅವರು 234ನೇ ಸಂಚಿಕೆಯಲ್ಲಿ ಅವನನ್ನು ಮರಳಿ ತಂದರು.

ಕಾಯಿಲೆ ಕಥೆಯೊಳಗೆ ಬಂದ ಬಗೆ

ಅವನು ಮರೆಯಲ್ಲಿದ್ದ ಕಾಲದಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಬೇರೊಂದು ಸಂಗತಿ ಬೆಳೆಯುತ್ತಿತ್ತು. 1957ರಲ್ಲಿ ‘ದಿ ತ್ರೀ ಫೇಸಸ್ ಆಫ್ ಈವ್’ ಚಲನಚಿತ್ರವೂ 1973ರಲ್ಲಿ ‘ಸಿಬಿಲ್’ ಪುಸ್ತಕವೂ ಬಹುವ್ಯಕ್ತಿತ್ವ ಎಂಬ ವಿಷಯವನ್ನು ಮನೆಮಾತಾಗಿಸಿದವು. ‘ಸಿಬಿಲ್’ ಅದನ್ನು ಬಾಲ್ಯದಲ್ಲಿ ಅನುಭವಿಸಿದ ಕ್ರೌರ್ಯಕ್ಕೆ ಜೋಡಿಸಿತು. ಆ ಪ್ರಕರಣದ ಸತ್ಯಾಸತ್ಯತೆಯ ಬಗ್ಗೆ ಮುಂದೆ ಗಂಭೀರ ಆಕ್ಷೇಪಗಳು ಬಂದವಾದರೂ ಆ ಜೋಡಣೆ ಜನರ ಮನಸ್ಸಿನಲ್ಲಿ ನಿಂತಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಅದಕ್ಕೆ ಪ್ರತ್ಯೇಕ ರೋಗದ ಸ್ಥಾನ ಸಿಕ್ಕಿತು. 1994ರ ನಾಲ್ಕನೆಯ ಆವೃತ್ತಿಯಲ್ಲಿ ಅದರ ಹೆಸರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂದಾಯಿತು.

ಕಾಮಿಕ್ಸ್ ಲೇಖಕರೂ ಇದೇ ಗಾಳಿಯಲ್ಲಿ ಉಸಿರಾಡುತ್ತಿದ್ದರು. 1985ರಲ್ಲಿ ಮಾರ್ವೆಲ್ ಸಂಸ್ಥೆಯ ಬಹುವ್ಯಕ್ತಿತ್ವದ ಪಾತ್ರ ಲೀಜನ್, 1988ರಲ್ಲಿ ಅದೇ ಸಂಸ್ಥೆಯ ಅಂಥದೇ ಪಾತ್ರ ಟೈಫಾಯ್ಡ್ ಮೇರಿ, ಅದೇ ವರ್ಷ ಬ್ಯಾಟ್‌ಮ್ಯಾನ್ ಕಥೆಗಳಲ್ಲಿ ತನ್ನ ಕೈಗೊಂಬೆಯ ಅಪ್ಪಣೆಯಂತೆ ನಡೆಯುವ ವೆಂಟ್ರಿಲೋಕ್ವಿಸ್ಟ್ ಹುಟ್ಟಿಕೊಂಡರು. ಒಂದರ ಹಿಂದೊಂದು ಬಂದ ಈ ಪಾತ್ರಗಳು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

1990ರ ‘ಬ್ಯಾಟ್‌ಮ್ಯಾನ್’ 14ನೇ ವಾರ್ಷಿಕ ಸಂಚಿಕೆಯಲ್ಲಿ ಆಂಡ್ರ್ಯೂ ಹೆಲ್ಫರ್ ಬರೆದು ಕ್ರಿಸ್ ಸ್ಪ್ರೌಸ್ ಚಿತ್ರಿಸಿದ ಕಥೆ ಹಾರ್ವೆಯ ಬಾಲ್ಯಕ್ಕೆ ಇಳಿಯುತ್ತದೆ. ಅಪ್ಪ ಕುಡುಕ. ರಾತ್ರಿ ಮಗನೊಂದಿಗೆ ಅವನದೊಂದು ಆಟ: ನಾಣ್ಯ ಚಿಮ್ಮಿಸುವುದು, ಹೆಡ್ಸ್ ಬಿದ್ದರೆ ಮಗನಿಗೆ ಏಟು, ಇಲ್ಲವಾದರೆ ಬಿಡುಗಡೆ. ಪ್ರತಿ ಸಲವೂ ಹೆಡ್ಸ್ ಬೀಳುತ್ತದೆ, ಏಕೆಂದರೆ ನಾಣ್ಯದ ಎರಡೂ ಬದಿ ಹೆಡ್ಸ್. ಇವತ್ತಾದರೂ ತಪ್ಪಿಸಿಕೊಂಡೇನು ಎಂಬ ಆಸೆಯನ್ನು ಮಗುವಿನಲ್ಲಿ ಹುಟ್ಟಿಸಿ ಅದನ್ನು ಮುರಿಯುವುದೇ ಆ ಆಟದ ಕ್ರೌರ್ಯ. ಈ ಹುಡುಗ ಬೆಳೆದು ವಕೀಲನಾಗುತ್ತಾನೆ, ಒಳಗಿನ ಸಿಟ್ಟನ್ನು ವರ್ಷಗಟ್ಟಲೆ ಅದುಮಿಡುತ್ತಾನೆ. ಆ್ಯಸಿಡ್ ಇಲ್ಲಿಯೂ ಬೀಳುತ್ತದೆ, ಆದರೆ ಅದು ಕಾರಣವಲ್ಲ. ಮೊದಲೇ ಇದ್ದ ಬಿರುಕನ್ನು ಹೊರಗೆ ಕಾಣಿಸಿದ ನೆಪ ಮಾತ್ರ. ಪಾತಕಿಯ ಜೇಬಿನಲ್ಲಿದ್ದ ನಾಣ್ಯ ಅಪ್ಪನ ಜೇಬಿಗೆ ಬಂದದ್ದು ಹೀಗೆ. ಬ್ಲ್ಯಾಕ್ ಬ್ಯಾಟ್ ನಾಯಕನಾಗಿ ಹಾರ್ವೆ ಖಳನಾದದ್ದೇಕೆ ಎಂಬುದಕ್ಕೂ ಇಲ್ಲಿ ಒಂದು ಉತ್ತರ ಸಿಗುತ್ತದೆ.

ಇದಕ್ಕೆ ಎರಡು ವರ್ಷದ ಬಳಿಕ, 1992ರ ದೂರದರ್ಶನ ಅನಿಮೇಷನ್ ಸರಣಿಯಲ್ಲಿ, ಹಾರ್ವೆಯೊಳಗಿನ ಎರಡನೆಯವನಿಗೆ ‘ಬಿಗ್ ಬ್ಯಾಡ್ ಹಾರ್ವ್’ ಎಂಬ ಬೇರೆ ಹೆಸರೂ ಬೇರೆ ದನಿಯೂ ಬಂದವು. ಅಲ್ಲಿ ಹಾರ್ವೆ ಗಾಯಕ್ಕೆ ಮೊದಲೇ ಮನೋವೈದ್ಯೆಯ ಬಳಿ ಚಿಕಿತ್ಸೆ ಪಡೆಯುತ್ತಿರುತ್ತಾನೆ, ಸಂಮೋಹನದಲ್ಲಿ ಎರಡನೆಯವನು ಹೊರಬರುತ್ತಾನೆ. ನಾವು ಇಂದು ಬಾಯಿಪಾಠದಂತೆ ಒಪ್ಪಿಸುವ ‘ಬಹುವ್ಯಕ್ತಿತ್ವದ ವಕೀಲ’ ಈ 1990–92ರ ಹಾರ್ವೆ.

ರೋಗದ ಹೆಸರು ಎಷ್ಟು ಹೊಂದುತ್ತದೆ?

ವೈದ್ಯಕೀಯ ಲಕ್ಷಣಗಳೊಂದಿಗೆ ಇಟ್ಟು ನೋಡಿದರೆ ಹೊಂದಿಕೆ ಸಡಿಲ. ನಿಜವಾದ ಕಾಯಿಲೆಯಲ್ಲಿ ವ್ಯಕ್ತಿತ್ವಗಳು ಬದಲಾಗುವುದರ ಜೊತೆಗೆ ನೆನಪಿನಲ್ಲಿ ಖಾಲಿ ಜಾಗಗಳು ಕಾಣಿಸಿಕೊಳ್ಳುತ್ತವೆ. ಟು-ಫೇಸ್‌ಗೆ ಬಹುತೇಕ ಕಥೆಗಳಲ್ಲಿ ತಾನು ಮಾಡಿದ್ದೆಲ್ಲ ನೆನಪಿದೆ. ನಾಣ್ಯದ ತೀರ್ಪಿಗೆ ಅವನ ಎರಡೂ ಭಾಗಗಳು ಒಟ್ಟಿಗೇ ಕಾಯುತ್ತವೆ. ಇದು ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾ ಕೂಡ ಅಲ್ಲ. ನಮ್ಮ ಉತ್ತರ ಪತ್ರಿಕೆಗಳಲ್ಲಿ ಈ ಎರಡು ರೋಗಗಳು ಕಲಸಿಹೋಗುವುದು ಸಾಮಾನ್ಯವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕನ್ನಡದಲ್ಲಿ 2004ರ ‘ಆಪ್ತಮಿತ್ರ’ದ ಮೂಲಕ ಈ ವಿಷಯವನ್ನು ಮೊದಲು ಅರಿತವರು ಅನೇಕರಿದ್ದೇವೆ. ಅಲ್ಲಿಯೂ ಒಳಗಿನ ಎರಡನೆಯ ವ್ಯಕ್ತಿ ಕೊಲೆಗೆ ಹಾತೊರೆಯುತ್ತಾಳೆ. ವಾಸ್ತವದಲ್ಲಿ ಈ ಕಾಯಿಲೆಯುಳ್ಳವರು ಹಿಂಸೆ ಮಾಡಿದವರಿಗಿಂತ ಹಿಂಸೆಗೆ ಒಳಗಾದವರೇ ಆಗಿರುತ್ತಾರೆ. ಅದೇ ರೀತಿ, ಆ್ಯಸಿಡ್ ದಾಳಿಗೆ ತುತ್ತಾದ ಹೆಣ್ಣುಮಕ್ಕಳ ಹೋರಾಟದಿಂದ 2013ರಲ್ಲಿ ದಂಡಸಂಹಿತೆಯಲ್ಲಿ ಪ್ರತ್ಯೇಕ ಕಲಮುಗಳನ್ನೇ ಕಂಡ ದೇಶದ ಓದುಗರಾದ ನಮಗೆ, ಸುಟ್ಟ ಮುಖವನ್ನು ಕೆಟ್ಟ ಮನಸ್ಸಿನ ಗುರುತಾಗಿ ಬಳಸುವ ಈ ಸಂಪ್ರದಾಯ ನೋವುಂಟುಮಾಡಬೇಕು. ಪಾತ್ರವನ್ನು ಮೆಚ್ಚುತ್ತಲೇ ಇದನ್ನು ಹೇಳಬಹುದು.

ಗಾಯವೋ, ನಾಣ್ಯವೋ

1986ರಲ್ಲಿ ಫ್ರಾಂಕ್ ಮಿಲ್ಲರ್ ‘ದಿ ಡಾರ್ಕ್ ನೈಟ್ ರಿಟರ್ನ್ಸ್’ ಎಂಬ ಕಾಮಿಕ್ಸ್‌ನಲ್ಲಿ 1943ರ ಪ್ಲಾಸ್ಟಿಕ್ ಸರ್ಜರಿಯನ್ನೇ ಮತ್ತೆ ಮಾಡಿಸಿದರು, ಫಲವನ್ನು ತಿರುವುಮುರುವು ಮಾಡಿದರು. ಮುಖ ಪೂರ್ಣವಾಗಿ ಸುಂದರವಾಗುತ್ತದೆ, ಆದರೆ ಹಾರ್ವೆಗೆ ಈಗ ತನ್ನ ಎರಡೂ ಪಾರ್ಶ್ವಗಳು ಸುಟ್ಟಂತೆಯೇ ಕಾಣುತ್ತವೆ. 1989ರ ‘ಆರ್ಕಮ್ ಅಸೈಲಮ್’ ಕಾಮಿಕ್ಸ್‌ನಲ್ಲಿ ಗ್ರಾಂಟ್ ಮಾರಿಸನ್ ಬೇರೆ ಕಡೆಯಿಂದ ಬಂದರು. ಅಲ್ಲಿ ವೈದ್ಯರು ಚಿಕಿತ್ಸೆಯೆಂದು ನಾಣ್ಯದ ಬದಲು ಮೊದಲು ಆರು ಮುಖದ ದಾಳ, ಬಳಿಕ ಭವಿಷ್ಯ ಹೇಳಲು ಬಳಸುವ 78 ಎಲೆಗಳ ಟ್ಯಾರೋ ಕಟ್ಟು ಕೊಡುತ್ತಾರೆ. ಆಯ್ಕೆಗಳು ಹೆಚ್ಚಿದಂತೆ ಅವನು ಸುಧಾರಿಸಬೇಕಿತ್ತು. ಆದರೆ ಶೌಚಕ್ಕೆ ಹೋಗಬೇಕೋ ಬೇಡವೋ ಎಂಬುದನ್ನೂ ನಿರ್ಧರಿಸಲಾಗದೆ ಬಟ್ಟೆ ಒದ್ದೆಮಾಡಿಕೊಳ್ಳುವ ಸ್ಥಿತಿಗೆ ಇಳಿಯುತ್ತಾನೆ. ರೋಗದ ಹೆಸರು ಏನೇ ಇರಲಿ, ಫಿಂಗರ್ ಕಂಡಿದ್ದ ಮೂಲ ಸಮಸ್ಯೆ, ಅಂದರೆ ತೀರ್ಮಾನದ ಭಾರ, ಈ ದೃಶ್ಯದಲ್ಲಿ ಮತ್ತೆ ಮುಂದೆ ಬರುತ್ತದೆ.

2008ರ ‘ದಿ ಡಾರ್ಕ್ ನೈಟ್’ ಚಲನಚಿತ್ರದಲ್ಲಿ ನಾಣ್ಯ ಅಪ್ಪನದೇ, ಎರಡೂ ಬದಿ ಹೆಡ್ಸ್ ಕೂಡ ಹೌದು, ಆದರೆ ಏಟಿನ ಆಟವಿಲ್ಲ. ಬೇರೆ ಹೆಸರಿನ ಎರಡನೆಯವನೂ ಇಲ್ಲ. ಹಾಗಾಗಿ ಅದು 1990ಕ್ಕಿಂತ 1942ಕ್ಕೆ ಹತ್ತಿರ. ಮುಖ ಸುಡುವ ಮೊದಲೇ ಒಂದು ದೃಶ್ಯವಿದೆ: ಖಳ ಜೋಕರ್‌ನ ಸೆರೆಸಿಕ್ಕ ಸಹಚರನೊಬ್ಬನ ತಲೆಗೆ ಬಂದೂಕು ಹಿಡಿದು ಹಾರ್ವೆ ಅವನ ಪ್ರಾಣವನ್ನು ಪಣಕ್ಕಿಟ್ಟು ನಾಣ್ಯ ಚಿಮ್ಮಿಸುತ್ತಾನೆ. ಹೆಡ್ಸ್ ಬಿದ್ದರೆ ಅವನಿಗೆ ಉಳಿವು. ನಾಣ್ಯದ ಗುಟ್ಟು ತಿಳಿದವನಿಗೆ ಆತ ಸಾಯುವ ಸಂಭವವೇ ಇಲ್ಲವೆಂದು ಗೊತ್ತು; ಹಾರ್ವೆ ಅದೃಷ್ಟದ ಹೆಸರು ಹೇಳುತ್ತ ತೀರ್ಮಾನವನ್ನು ಇನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಾನೆ. ಅವನು ಪ್ರೀತಿಸಿದ ರೇಚಲ್ ಸತ್ತ ಸ್ಫೋಟದಲ್ಲಿ ಆ ನಾಣ್ಯದ ಒಂದು ಬದಿ ಸುಟ್ಟು ಕಪ್ಪಾಗುತ್ತದೆ, ಅಲ್ಲಿಂದಾಚೆಗೆ ಅವನು ಅದನ್ನು ಚಿಮ್ಮಿಸಿದಾಗಲೆಲ್ಲ ಎದುರಿಗಿರುವವರು ನಿಜವಾಗಿಯೂ ಸಾಯಬಹುದು.