ಲಂಡನ್ನಿನ ಲಾ ಫರ್ಮ್‌ಗಳು ಬೆಳಗಾವಿ ಕಾಲೇಜಿಗೆ ಯಾಕೆ ಬರುವುದಿಲ್ಲ?

ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು ಶುರುವಾಗಿದ್ದು 1939ರಲ್ಲಿ. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ ಇಲ್ಲಿ ಓದಿದವರು. 2017ರಿಂದ 2022ರವರೆಗೆ ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಕೂಡ ಇಲ್ಲೇ ಓದಿದವರು. ಆಗೆಲ್ಲ ಯಾವ ಸೀನಿಯರ್ ಕೈಕೆಳಗೆ ಪಳಗಿದಿರಿ ಅನ್ನುವುದೇ ಮುಖ್ಯವಾಗಿತ್ತು. ಈಗ ಅದೇ ಕಾಲೇಜಿನ ಹುಡುಗಿ ಲಂಡನ್ನಿನ ದೊಡ್ಡ ಫರ್ಮ್‌ಗೆ ಅರ್ಜಿ ಹಾಕಿದರೆ ಮೊದಲು ಕಣ್ಣಿಗೆ ಬೀಳುವುದು ಕಾಲೇಜಿನ ಹೆಸರು.

ಇದರ ಬೇರು 1988ರಲ್ಲಿದೆ. ಆ ವರ್ಷ ಕಾನೂನು ಶಿಕ್ಷಣ ತಜ್ಞ ಮಾಧವ ಮೆನನ್ ಮುಂದಾಳತ್ವದಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಮೊದಲ ಬ್ಯಾಚ್ ಶುರುವಾಯಿತು. ಪಿಯುಸಿ ಮುಗಿದ ಕೂಡಲೇ ಐದು ವರ್ಷದ ಕೋರ್ಸ್. 1991ರಲ್ಲಿ ಆರ್ಥಿಕತೆ ತೆರೆದುಕೊಂಡಿತು, ವಿದೇಶಿ ಕಂಪನಿಗಳ ಹಿಂದೆಯೇ ಅವರ ವಕೀಲರೂ ಬಂದರು. ಆದರೆ ಇಲ್ಲಿ ಸನ್ನದು ಪಡೆಯದೆ ವಿದೇಶಿ ಫರ್ಮ್‌ಗಳು ಕಾನೂನು ಸಲಹೆಯನ್ನೂ ಕೊಡುವಂತಿಲ್ಲ ಎಂದು 2009ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಆಗಾಗ ಬಂದು ಸಲಹೆ ಕೊಟ್ಟು ಹೋಗಬಹುದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ವಕೀಲ ವೃತ್ತಿಯನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್ ಸೀಮಿತ ಕೆಲಸಕ್ಕೆ ಬಾಗಿಲು ತೆರೆದಿದ್ದು 2023ರಲ್ಲಿ.

ಅಲ್ಲಿಯವರೆಗೆ ಇಲ್ಲಿ ಕಚೇರಿ ತೆರೆಯುವಂತಿರಲಿಲ್ಲ ಅಂದಮೇಲೆ ಇಲ್ಲಿನ ಹುಡುಗರನ್ನು ಅಲ್ಲಿಗೇ ಕರೆಸಿಕೊಳ್ಳಬೇಕಿತ್ತು, ಅಲ್ವಾ? ಅದಕ್ಕೆ ಊರೂರು ಸುತ್ತುವವರು ಯಾರು? ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಂಥ ನಾಲ್ಕಾರು ಕ್ಯಾಂಪಸ್‌ಗೆ ಬಂದು ಸಂದರ್ಶನ ಮುಗಿಸುವುದು ಸುಲಭವಾಯಿತು. ಹಾಗೆ ಹೋದ ಸೀನಿಯರ್‌ಗಳು ತಮ್ಮ ಜೂನಿಯರ್‌ಗಳಿಗೆ ದಾರಿ ತೋರಿಸಿದರು. ಅನುಕೂಲಕ್ಕೆ ಮಾಡಿಕೊಂಡ ಈ ರೂಢಿಯನ್ನೇ ಈಗ ಪ್ರತಿಭೆಯ ಅಳತೆಗೋಲು ಅಂದುಕೊಂಡಿದ್ದೇವೆ. ನನ್ನ ತಕರಾರು ಇರುವುದು ಇಲ್ಲೇ.

ಯಾಕೆಂದರೆ ಆ ಕ್ಯಾಂಪಸ್ ಒಳಗೆ ಹೋಗುವ ಬಾಗಿಲೇ ಇಕ್ಕಟ್ಟು. ಅಲ್ಲಿ ಸೇರಲು ಬರೆಯಬೇಕಾದ, 2008ರಿಂದ ಇರುವ ಕ್ಲ್ಯಾಟ್ ಪ್ರವೇಶ ಪರೀಕ್ಷೆಯಲ್ಲಿ ಈಗ ಎರಡು ಗಂಟೆಗೆ 120 ಪ್ರಶ್ನೆ. ಉದ್ದುದ್ದ ಪ್ಯಾರಾ ಓದಿ ಉತ್ತರ ಹುಡುಕಬೇಕು, ಎಲ್ಲವೂ ಇಂಗ್ಲಿಷಿನಲ್ಲಿ. ಜಮಖಂಡಿಯಲ್ಲೋ ಗೋಕಾಕದಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಾನೂನಿಗಿಂತ ಮೊದಲು ಓದುವ ವೇಗವೇ ಅಡ್ಡ ಬರುತ್ತದೆ. ಹದಿನೆಂಟರ ಆಸುಪಾಸಿನಲ್ಲಿ ಬರೆದ ಆ ಒಂದು ಪರೀಕ್ಷೆಯ ನೆರಳು ಮುಂದಿನ ಕೆಲಸದ ಮೇಲೂ ಬೀಳುತ್ತದೆ.

ಕ್ಯಾಲೆಂಡರ್‌ನ ತೊಡಕೂ ಇದೆ. ಲಂಡನ್ನಿನ ಫರ್ಮ್‌ಗಳು ಟ್ರೇನಿಗಳನ್ನು ಸಾಮಾನ್ಯವಾಗಿ ಎರಡು ವರ್ಷ ಮೊದಲೇ ಆರಿಸಿಕೊಳ್ಳುತ್ತವೆ. ಐದು ವರ್ಷದ ಕೋರ್ಸಿಗೆ ಅದು ಸರಿಹೊಂದುತ್ತದೆ. ಬಿ.ಎ., ಬಿ.ಕಾಂ. ಮುಗಿಸಿ ಮೂರು ವರ್ಷದ ಎಲ್ಎಲ್.ಬಿ.ಗೆ ಸೇರಿದವರಿಗೆ ಇದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮೊದಲ ವರ್ಷವೇ ಕೂರಿಸಿ ಹೇಳುವವರು ನಮ್ಮ ಕಡೆ ಕಡಿಮೆ. ಕಾಲೇಜುಗಳು ದುಡ್ಡಿಲ್ಲದೆ ಮಾಡಬಹುದಾದ ಕೆಲಸ ಇದು.

ಇನ್ನೊಂದು ದಾರಿ 2021ರಲ್ಲಿ ತೆರೆದಿದೆ. ಇಂಗ್ಲೆಂಡಿನಲ್ಲಿ ಸಾಲಿಸಿಟರ್, ಅಂದರೆ ಅಲ್ಲಿನ ಒಂದು ಬಗೆಯ ವಕೀಲ, ಆಗಲು ಎಸ್‌ಕ್ಯೂಇ ಎಂಬ ಪರೀಕ್ಷೆ ಬಂತು. ಯಾವ ಕಾಲೇಜು ಎಂದು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಸನ್ನದು ಪಡೆದ ವಕೀಲರಿಗೆ ಎರಡು ವರ್ಷದ ಕೆಲಸದ ಅನುಭವದ ಷರತ್ತೂ ಇಲ್ಲ. ಹಾಗಂತ ಪಾಸಾದ ಕೂಡಲೇ ಕೆಲಸ ಸಿಗುವುದಿಲ್ಲ, ಶುಲ್ಕವೇ 4,000 ಪೌಂಡ್ ದಾಟುತ್ತದೆ. ಮುಂಬೈ, ಬೆಂಗಳೂರಿನ ಫರ್ಮ್‌ಗಳಲ್ಲಿ ಕೆಲವು ವರ್ಷ ಕರಾರುಪತ್ರಗಳ ಕೆಲಸ ಮಾಡಿ ಆಮೇಲೆ ಹೊರಡುವುದೇ ಜಾಸ್ತಿ ನಂಬಬಹುದಾದ ದಾರಿ.

ಎಸ್‌ಕ್ಯೂಇ ಪರೀಕ್ಷೆಯ ಮೊದಲ ಹಂತದಲ್ಲಿ 360 ಬಹು ಆಯ್ಕೆ ಪ್ರಶ್ನೆಗಳು. ಅಲ್ಲಿ ಇಂಗ್ಲೆಂಡಿನ ಕಾನೂನನ್ನು ಹೊಸದಾಗಿ ಕಲಿಯಲೇಬೇಕು. ಎರಡನೇ ಹಂತದಲ್ಲಿ ಕಕ್ಷಿದಾರರ ಜೊತೆ ಮಾತು, ವಾದ ಮಂಡನೆ, ದಾಖಲೆ ಬರೆಯುವುದು. ಬೆಳಗಾವಿ ಕೋರ್ಟಿನಲ್ಲಿ ಜೂನಿಯರ್ ಆಗಿ ದುಡಿದವರು ಈ ಮೂರನ್ನೂ ದಿನಾ ಮಾಡಿರುತ್ತಾರೆ.