ಆಟಿಸಂ ಇರುವ ಮಕ್ಕಳಲ್ಲಿ ನೆನಪು ಮತ್ತು ಯೋಜನೆ: ಪ್ರಾಕ್ಟಿಕಲ್‌ಗೆ ಮುಂಚೆ ಓದಿಕೊಳ್ಳಲು

ಈ ಪಾಠದಲ್ಲಿ ಜಾಸ್ತಿ ಗೊಂದಲ ಆಗೋದು ಒಂದೇ ಕಡೆ. ‘ಈ ಮಕ್ಕಳ ನೆನಪು ಬಹಳ ಚುರುಕು’ ಅಂತ ಒಂದು ಪುಟದಲ್ಲಿ, ‘ನೆನಪಿನ ತೊಂದರೆ ಇದೆ’ ಅಂತ ಇನ್ನೊಂದು ಪುಟದಲ್ಲಿ. ಎರಡೂ ನಿಜ.

1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದಾಗಲೇ ಅವರ ಬಾಯಿಪಾಠದ ಶಕ್ತಿಯನ್ನು ಗುರುತಿಸಿದ್ದರು. ನಮ್ಮ ಬೆಂಗಳೂರಿನ ಒಂದು ಮಗು ನೇರಳೆ ಮಾರ್ಗದ ಮೆಟ್ರೋ ನಿಲ್ದಾಣಗಳನ್ನು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೂ ಬಿಡದೆ ಹೇಳುತ್ತದೆ ಅಂದುಕೊಳ್ಳಿ. ಅದೇ ಮಗುವಿಗೆ ‘ವಿಜಯನಗರದಿಂದ ಲಾಲ್‌ಬಾಗ್‌ಗೆ ಹೇಗೆ ಹೋಗೋದು?’ ಅಂದರೆ ತಡವರಿಸಬಹುದು. ಮೆಜೆಸ್ಟಿಕ್‌ನಲ್ಲಿ ಇಳಿಯಬೇಕು, ಹಸಿರು ಮಾರ್ಗ ಹಿಡಿಯಬೇಕು. ಅಷ್ಟು ಹೊತ್ತೂ ಲಾಲ್‌ಬಾಗ್ ಮನಸ್ಸಿನಲ್ಲಿ ಇರಬೇಕು. ಹೀಗೆ ಹಿಡಿದಿಟ್ಟುಕೊಂಡು ಕೆಲಸ ಮಾಡುವುದೇ ವರ್ಕಿಂಗ್ ಮೆಮರಿ. ಯೋಜನೆ ನಿಂತಿರುವುದು ಇದರ ಮೇಲೆ.

ಯೋಜನೆಯನ್ನು ಅಳೆಯಲು 1982ರಲ್ಲಿ ಮನೋವಿಜ್ಞಾನಿ ಟಿಮ್ ಶಾಲಿಸ್ ‘ಟವರ್ ಆಫ್ ಲಂಡನ್’ ಪರೀಕ್ಷೆ ತಂದರು. ಮೂರು ಕಡ್ಡಿ, ಮೂರೂ ಬೇರೆ ಬೇರೆ ಉದ್ದ. ಕೆಂಪು, ಹಸಿರು, ನೀಲಿ ಮಣಿ. ಒಂದು ಸಲಕ್ಕೆ ಒಂದೇ ಮಣಿ ತೆಗೆದು, ಚಿತ್ರದಲ್ಲಿರುವ ಹಾಗೆ ಜೋಡಿಸಬೇಕು. ಕಷ್ಟದ ಲೆಕ್ಕಗಳಲ್ಲಿ ಒಂದು ಮಣಿಯನ್ನು ಮೊದಲು ಬೇಡದ ಕಡ್ಡಿಗೆ ಹಾಕಿ ದಾರಿ ಬಿಡಿಸಿಕೊಳ್ಳಬೇಕಾಗುತ್ತದೆ. ಮಗುವಿನ ಕೈ ಎಲ್ಲಿ ನಿಲ್ಲುತ್ತದೆ ಅಂತ ಅಲ್ಲೇ ಗಮನಿಸಿ. ನೇರವಾಗಿ ಗುರಿಯ ಕಡೆ ಹೋಗುವ ಆಸೆ ತಡೆಯಬೇಕು, ಮುಂದಿನ ಎರಡು ಮೂರು ನಡೆ ಕಾಣಬೇಕು. ಆಟಿಸಂ ಇರುವ ಮಕ್ಕಳು ಇಂಥ ಪರೀಕ್ಷೆಗಳಲ್ಲಿ ಸರಾಸರಿ ಹಿಂದೆ ಬೀಳುತ್ತಾರೆ. ಆದರೆ ಚೆನ್ನಾಗಿ ಮಾಡುವ ಮಕ್ಕಳೂ ಇದ್ದಾರೆ, ಹಾಗಾಗಿ ಈ ಅಂಕ ನೋಡಿ ಆಟಿಸಂ ಇದೆ, ಇಲ್ಲ ಅನ್ನೋಕಾಗಲ್ಲ.

ಎಲ್ಲವನ್ನೂ ಕಟ್ಟಿಕೊಡುವ ವಿಚಾರ ಅಂತ ನನಗೆ ಅನಿಸೋದು ಲಂಡನ್ನಿನ ಮನೋವಿಜ್ಞಾನಿ ಡರ್ಮಟ್ ಬೌಲರ್ ಅವರದು. ಒಂದಷ್ಟು ಪದ ಕಲಿಸಿ, ಆಮೇಲೆ ಸುಮ್ನೆ ‘ನೆನಪಿರೋ ಪದ ಹೇಳು’ ಅಂದರೆ ಈ ಮಕ್ಕಳಿಗೆ ಕಷ್ಟ. ಸುಳಿವು ಕೊಟ್ಟರೆ, ಇಲ್ಲವೇ ಪದಗಳನ್ನು ತೋರಿಸಿ ‘ಇದು ಮೊದಲು ಬಂದಿತ್ತಾ?’ ಅಂದರೆ ಎಷ್ಟೋ ಸುಲಭ. ಅಂದರೆ ವಿಷಯ ಒಳಗೆ ಇದೆ, ಹೊರಗೆ ತರಲು ಆಸರೆ ಬೇಕು. ಮುಂದೆ ಮಾಡಬೇಕಾದ್ದನ್ನು ನೆನಪಿಡುವುದರಲ್ಲೂ ಹೀಗೇ: ‘ಗಂಟೆ ಬಾರಿಸಿದಾಗ ಡಬ್ಬಿ ತೆಗಿ’ ಅನ್ನುವುದಕ್ಕಿಂತ ‘ಹತ್ತು ನಿಮಿಷ ಆದಮೇಲೆ ತೆಗಿ’ ಅನ್ನುವುದು ಕಷ್ಟ. ಗಂಟೆ ತಾನೇ ನೆನಪಿಸುತ್ತದೆ, ಸಮಯವನ್ನು ಮಗುವೇ ಕಾಯಬೇಕು, ಅಲ್ವಾ?

ತರಗತಿಯಲ್ಲಿ ಚಿತ್ರದ ವೇಳಾಪಟ್ಟಿ ಹಾಕುವುದು ಇದಕ್ಕೇ. ಚೀಲ, ಡಬ್ಬಿ, ಶೂ ಅಂತ ಚಿತ್ರಗಳು ಸಾಲಾಗಿ ಇದ್ದರೆ ಹೆಜ್ಜೆಗಳನ್ನು ತಲೆಯಲ್ಲಿ ಹೊರುವ ಭಾರ ಇಳಿಯುತ್ತದೆ. ಕೇಸ್ ರೆಕಾರ್ಡ್‌ನಲ್ಲಿ ‘ನೆನಪು ಕಡಿಮೆ’ ಅಂತ ಬರೆದು ಬಿಡಬೇಡಿ. ಯಾವ ಸುಳಿವು ಕೊಟ್ಟಾಗ ಮಗು ಎಷ್ಟು ಹೇಳಿತು, ಕೊಡದಿದ್ದಾಗ ಎಷ್ಟು ಅಂತ ಎರಡನ್ನೂ ಬರೆಯಿರಿ.